ವಿಷಯಾಂತರವಾಗಿದೆ

ಕರಿಬಂಡಿಹಾಳ ಕೂಡುಶಾಲೆ,
ಶ್ರಾವಣದ ನಲವತ್ತೊಂದನೆಯ ದಿನ,
ಕೌದಿಪಾಠದ ಇಪ್ಪತ್ತೆರಡನೆಯ ವರ್ಷ.

ಮಾನ್ಯ ದಾಕ್ಷಾಯಣಿ ಅಕ್ಕೋರಿಗೆ ಹುಲಿಗೆವ್ವ ಮಾಡುವ ಶರಣು.

ಮೇಲಿನ ತಾರೀಖು ನೋಡಿ ನೀವು ಹುಬ್ಬು ಗಂಟಿಕ್ಕಿರಬಹುದು. ನಿಮ್ಮ ಕಾಲದಲ್ಲಿ ಯಾವ ತಿಂಗಳಿಗೂ ನಲವತ್ತೊಂದು ದಿನ ಇರಲಿಲ್ಲ ಎಂದು ನನಗೆ ಗೊತ್ತು. ನಮ್ಮಲ್ಲಿ ತಿಂಗಳು ಅದರ ಮಳೆ ಮುಗಿಯುವವರೆಗೂ ನಡೆಯುತ್ತದೆ. ಹೋದ ವರ್ಷದ ಶ್ರಾವಣ ಒಂಬತ್ತೇ ದಿನಕ್ಕೆ ಮುಗಿದಿತ್ತು. ಈ ಸಲದ್ದು ಮುಗಿಯುವ ಲಕ್ಷಣವೇ ಕಾಣುತ್ತಿಲ್ಲ. ನಿಮ್ಮ ಎಣಿಕೆಯಲ್ಲಿ ಹೇಳುವುದಾದರೆ ನಾನು ನಿಮ್ಮಿಂದ ನೂರ ಮೂವತ್ತೆಂಟು ವರ್ಷ ಮುಂದೆ ಕುಳಿತು ಬರೆಯುತ್ತಿದ್ದೇನೆ. ನನ್ನ ಮಾತುಗಳಲ್ಲಿ ಕೆಲವು ನಿಮಗೆ ಹೊಸವು. ಇನ್ನು ಕೆಲವು ನಿಮ್ಮವೇ, ಆದರೆ ಅರ್ಥ ಬದಲಾಗಿದೆ. ಮನ್ನಿಸಿ ಓದಿಕೊಳ್ಳಬೇಕು. ಆದಷ್ಟೂ ಬಿಡಿಸಿ ಹೇಳುತ್ತೇನೆ. ಬಿಡಿಸಿ ಹೇಳುವುದೇ ನನ್ನ ಕಸುಬು. ಮೂವತ್ತನಾಲ್ಕು ವರ್ಷ ಮಾಡಿದ ಆ ಕಸುಬು ನಾಳೆಗೆ ಮುಗಿಯುತ್ತದೆ.

ನಮ್ಮಲ್ಲಿ ಪಾಠ ಬಿಟ್ಟುಕೊಡುವ ಅಕ್ಕೋರಾಗಲಿ ಮಾಸ್ತರಾಗಲಿ, ಹೊರಡುವ ಮುನ್ನ ಒಂದು ಹಿಂದೋಲೆ ಬರೆಯಬೇಕು. ಹಿಂದೋಲೆ ಎಂದರೆ ಹಿಂದಿನವರಿಗೆ ಬರೆಯುವ ಕಾಗದ. ಯಾರ ಪಾಠದ ಉಪ್ಪು ತಿಂದೆವೋ ಅವರಿಗೆ ಬರೆಯುವುದು. ತಲುಪುವುದಿಲ್ಲ ಎಂದು ಎಲ್ಲರಿಗೂ ಗೊತ್ತು, ಆದರೂ ಬರೆಯುತ್ತೇವೆ. ಹೆಚ್ಚಿನವರು ತಮಗೆ ಅಕ್ಷರ ಕಲಿಸಿದವರಿಗೆ ಬರೆದು ಮುಗಿಸುತ್ತಾರೆ. ನಾನು ನಿಮ್ಮನ್ನು ಆರಿಸಿದ್ದೇನೆ. ನಿಮ್ಮ ಮುಖವನ್ನು ನಾನು ಸರಿಯಾಗಿ ನೋಡಿದ್ದೂ ಇಲ್ಲ. ನಿಮ್ಮ ಆನ್‌ಲೈನ್ ತರಗತಿಯ ಒಂದೇ ಒಂದು ಚಿತ್ರಮುದ್ರಣ ಉಳಿದಿದೆ. ಅದರಲ್ಲಿ ನೀವು ಫೋನನ್ನು ಮುಖಕ್ಕೆ ತೀರ ಹತ್ತಿರ ಹಿಡಿದಿದ್ದೀರಿ, ಕುಂಕುಮದಿಂದ ಮೇಲಕ್ಕೆ ಮಾತ್ರ ಕಾಣುತ್ತೀರಿ. ದನಿ ಮಾತ್ರ ಸ್ವಚ್ಛವಾಗಿದೆ. "ಎಲ್ಲಾ ವಿಷಯಕ್ಕೂ ಸೇರಿ ಒಂದ ಪ್ರಾಜೆಕ್ಟ್ ಮಾಡೂಣು. ಹುಡುಗರಿಗೂ ಹಗುರ, ನಮಗೂ ಹಗುರ" ಎನ್ನುತ್ತೀರಿ. ಆ ದನಿಯನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ, ನೀವು ಓಣಿಯಲ್ಲಿ ಎದುರಾದರೆ ಗುರುತು ಹಿಡಿಯುತ್ತೇನೆ.

ಕರಿಬಂಡಿಹಾಳ ಈಗಲೂ ಅದೇ ದಿಬ್ಬದ ಮೇಲಿದೆ. ನಡುವೆ ಎರಡು ತಲೆಮಾರು ಇಲ್ಲಿ ಯಾರೂ ಇರಲಿಲ್ಲ. ಕೊಳವೆ ನೀರು ನಿಂತಿತು, ಮಂದಿ ಚದುರಿದರು, ನನ್ನ ಅಜ್ಜನ ಕಾಲಕ್ಕೆ ಹೊಸ ಕೊಳವೆ ಬಂದ ಮೇಲೆ ಬೇರೆ ಬೇರೆ ಕಡೆಯವರು ಬಂದು ಮನೆ ಕಟ್ಟಿದರು. ಹಾಗಾಗಿ ಇಲ್ಲಿರುವ ಯಾರ ಅಜ್ಜಿಗೂ ಈ ಊರಿನ ಹಳೆಯ ಹೆಸರುಗಳು ಗೊತ್ತಿಲ್ಲ. ಯಾವ ಓಣಿಗೆ ಏನೆನ್ನುತ್ತಿದ್ದರು, ಯಾವ ಕಟ್ಟೆ ಯಾರದು, ಯಾವುದೂ ಗೊತ್ತಿಲ್ಲ. ನಮಗೆ ನಾವೇ ಹೆಸರಿಟ್ಟುಕೊಂಡೆವು. ನಿಮ್ಮ ಶಾಲೆ ಇದ್ದ ಜಾಗಕ್ಕೆ ಈಗ ಸೌರಗದ್ದೆ ಎನ್ನುತ್ತೇವೆ. ಬಿಸಿಲಿನ ಹಲಗೆಗಳ ಕೆಳಗೆ ಪುಂಡಿ ಸೊಪ್ಪು ಬೆಳೆಯುತ್ತೇವೆ. ಸಜ್ಜಿ ರೊಟ್ಟಿ ಇದೆ, ಗುರೆಳ್ಳು ಚಟ್ನಿ ಇದೆ. ಊಟದ ವಿಷಯದಲ್ಲಿ ನಿಮಗೆ ಪರಕೀಯ ಎನಿಸಲಿಕ್ಕಿಲ್ಲ. ದಿನಾ ಬೆಳಿಗ್ಗೆ ಪ್ರತಿ ಮನೆಯ ಬಾಗಿಲಿಗೆ ನೀರೋಲೆ ಅಂಟಿಸುತ್ತಾರೆ. ಅಂಗೈಯಗಲದ ಚೀಟಿ, ಅದರಲ್ಲಿ ಇವತ್ತಿನ ನೀರಿನಲ್ಲಿ ಏನು ಎಷ್ಟಿದೆ ಎಂದು ಬರೆದಿರುತ್ತದೆ. ಅದನ್ನು ನೋಡದೆ ಯಾರೂ ಒಲೆಯ ಮೇಲೆ ಪಾತ್ರೆ ಇಡುವುದಿಲ್ಲ. ಈ ಚೀಟಿ ಬರೆಯುವವಳು ನನ್ನ ಮಗಳು ಪಾರಿ. ಅವಳಿಗೆ ಈಗ ಇಪ್ಪತ್ತೆಂಟು ವರ್ಷ.

ಪಾರಿಯ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಅವಳ ಮೊಣಕಾಲು ಒಂದಕ್ಕೊಂದು ತಾಗುತ್ತವೆ, ಪಾದ ಹೊರಕ್ಕೆ ಹೋಗಿವೆ. ನೆಲದ ಮೇಲೆ ಕೂರಲಾರಳು. ಮದುವೆ ಮುಂಜಿಯ ಪಂಕ್ತಿಯಲ್ಲಿ ಎಲ್ಲರೂ ಸಾಲಾಗಿ ಕುಳಿತರೆ ಅವಳು ಸಾರಿನ ಬಕೆಟ್ಟು ಹಿಡಿದು ಬಡಿಸಲು ನಿಲ್ಲುತ್ತಾಳೆ. ಹೊಸಬರು ಎಂಥ ಉಪಕಾರಿ ಹುಡುಗಿ ಎಂದು ಹೊಗಳುತ್ತಾರೆ. ಕುಳಿತರೆ ಏಳಲು ಇಬ್ಬರು ಬೇಕು ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಅವಳ ಓರಗೆಯ ಇನ್ನೂ ಮೂವರಿಗೆ ಹೀಗೇ ಆಗಿದೆ. ಹನ್ನೊಂದು ಜನರ ಹಲ್ಲಿನ ಮೇಲೆ ಕಂದು ಪಟ್ಟೆಗಳಿವೆ. ಅವರು ಬಾಯಿ ಮುಚ್ಚಿಕೊಂಡು ನಗುತ್ತಾರೆ. ಇದೆಲ್ಲ ಯಾಕಾಯಿತು ಎಂದು ಊರಿನಲ್ಲಿ ಯಾರನ್ನು ಕೇಳಿದರೂ ಒಂದೇ ಉತ್ತರ: ಎಂಟನೆತ್ತೆಯವರ ತಪ್ಪು. ಎಂಟನೆತ್ತೆಯವರು ಎಂದರೆ ನಿಮ್ಮ ಎಂಟನೆಯ ತರಗತಿಯ ಮಕ್ಕಳು. ಅಡುಗೆಯಲ್ಲಿ ಉಪ್ಪು ಹೆಚ್ಚಾದರೂ ಇಲ್ಲಿ "ಇದೇನ ಎಂಟನೆತ್ತಿ ಲೆಕ್ಕ ಹಾಕೀಯೇನ?" ಎಂದು ನಗುತ್ತಾರೆ. ನಿಮ್ಮ ಮೂವತ್ತೊಂದು ಮಕ್ಕಳ ಹೆಸರು ಹೀಗೆ ನಮ್ಮ ಬಾಯಲ್ಲಿ ಉಳಿದಿದೆ, ಅಕ್ಕೋರೇ. ನನಗೆ ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ನಿಮ್ಮ ಕಾಲದವರು 'ಕ್ಲೌಡ್' ಎಂಬ ಮೋಡದಲ್ಲಿ ಇಟ್ಟಿದ್ದೇವೆ ಎಂದು ನೆಮ್ಮದಿಯಿಂದಿದ್ದುದೆಲ್ಲ ಬಹುಪಾಲು ಅಳಿದುಹೋಯಿತು. ಅಳಿಯದೆ ಸಿಕ್ಕಿದ್ದನ್ನು ತಾಲ್ಲೂಕಿಗೊಂದು ಉಳಿಕೆಮನೆ ಮಾಡಿ ಅಲ್ಲಿ ಕಾಯುತ್ತಿದ್ದೇವೆ. ಏನು ಉಳಿಯಬೇಕು, ಏನು ಹೋಗಬೇಕು ಎಂಬುದನ್ನು ಯಾರೂ ತೀರ್ಮಾನಿಸಲಿಲ್ಲ. ದೊಡ್ಡ ಮನುಷ್ಯರ ಭಾಷಣಗಳು ಹೋದವು, ಕರಿಬಂಡಿಹಾಳದ ಎಂಟನೆಯ ತರಗತಿಯ ಮನೆಗೆಲಸ ಉಳಿಯಿತು. ಶಾಲೆಯ ಚಾವಣಿ ರಿಪೇರಿಗೆ ಬಂದಿದ್ದರಿಂದ ಆ ವರ್ಷ ಆರು ತಿಂಗಳು ನಿಮ್ಮ ಪಾಠವೆಲ್ಲ ಫೋನಿನಲ್ಲಿ ನಡೆಯಿತು ಎಂದು ಒಂದು ಮಗು ಬರೆದಿದೆ. ಆಗಲೇ ನೀವು 'ನಮ್ಮೂರ ಬಾವಿಗಳು' ಎಂಬ ಪ್ರಾಜೆಕ್ಟ್ ಹಚ್ಚಿದಿರಿ. ಊರಿನಲ್ಲಿ ಒಂಬತ್ತು ಬಾವಿ, ಮಕ್ಕಳ ಒಂಬತ್ತು ತಂಡ, ತಂಡಕ್ಕೊಂದು ಬಾವಿ. ಆಳ ಅಳೆದರೆ ಗಣಿತ, ನೀರು ಪರೀಕ್ಷಿಸಿದರೆ ವಿಜ್ಞಾನ, ನಕ್ಷೆ ಬರೆದರೆ ಸಮಾಜ, ಬಾವಿಯ ಬಗ್ಗೆ ಪ್ರಬಂಧ ಬರೆದರೆ ಕನ್ನಡ. ಎಷ್ಟು ಸರಳ, ಎಷ್ಟು ಒಳ್ಳೆಯ ಯೋಚನೆ! ನಾನು ಮೂವತ್ತನಾಲ್ಕು ವರ್ಷದಲ್ಲಿ ಇದಕ್ಕಿಂತ ಒಳ್ಳೆಯದನ್ನು ಯೋಚಿಸಲಿಲ್ಲ.

ಆದರೆ ಅಂಕ ಮಾತ್ರ ವಿಷಯವಾರು ತುಂಬಬೇಕಿತ್ತು. ನಿಮ್ಮ ಆನ್‌ಲೈನ್ ತರಗತಿಯಲ್ಲಿ ನಾಲ್ಕು ವಿಷಯಕ್ಕೆ ನಾಲ್ಕು ಕೋಣೆ, ಒಂದು ಕೋಣೆಯಲ್ಲಿ ಹಾಕಿದ್ದು ಇನ್ನೊಂದಕ್ಕೆ ಕಾಣುತ್ತಿರಲಿಲ್ಲ. ಒಂದೇ ಪ್ರಾಜೆಕ್ಟನ್ನು ಮಕ್ಕಳು ನಾಲ್ಕು ತುಂಡು ಮಾಡಿ ನಾಲ್ಕು ಕೋಣೆಗೆ ಹಾಕಿದರು. ಒಬ್ಬೊಬ್ಬ ಗುರುಗಳು ತಮ್ಮ ತುಂಡನ್ನು ತಮಗೆ ಅನುಕೂಲವಾದಂತೆ ಜೋಡಿಸಿಕೊಂಡರು. ಸಮಾಜದ ನಕ್ಷೆಯಲ್ಲಿ ಬಾವಿಗಳಿಗೆ ಮೂಡಣದಿಂದ ಪಡುವಣಕ್ಕೆ ಒಂದರಿಂದ ಒಂಬತ್ತು. ಗಣಿತದ ಪಟ್ಟಿಯಲ್ಲೂ ಒಂದರಿಂದ ಒಂಬತ್ತು, ಆದರೆ ಅತಿ ಆಳದ್ದು ಮೊದಲು. ವಿಜ್ಞಾನದ ಪಟ್ಟಿಯಲ್ಲೂ ಒಂದರಿಂದ ಒಂಬತ್ತು. ಅದು ಯಾವ ಕ್ರಮ ಎಂದು ಪಟ್ಟಿಯಲ್ಲಿ ಎಲ್ಲೂ ಇಲ್ಲ. ಕನ್ನಡದ ಪ್ರಬಂಧಗಳಲ್ಲಿ ಸಂಖ್ಯೆಯೇ ಇಲ್ಲ, ಹೆಸರು ಮಾತ್ರ: ಕುಂಬಾರ ಬಾವಿ, ಮೆಟ್ಟಿಲ ಬಾವಿ, ಮಸೂತಿ ಬಾವಿ. ನಿಮಗಾರಿಗೂ ಇದರಿಂದ ತೊಂದರೆಯಾಗಲಿಲ್ಲ. ಕುಂಬಾರ ಬಾವಿ ಯಾವುದು ಎಂದು ಊರಿನ ಕುರಿಗೂ ಗೊತ್ತಿದ್ದ ಕಾಲ ಅದು.

ಇನ್ನು ನನ್ನ ಪಾಲಿಗೆ ಬರುತ್ತೇನೆ. ಇಪ್ಪತ್ತೊಂಬತ್ತು ವರ್ಷದ ಹಿಂದೆ ನಮ್ಮ ಹೊಸ ಕೊಳವೆಯೂ ನಿಂತಿತು. ಊರಿಗೆ ನೀರಿಲ್ಲ. ಹಳೆಯ ಬಾವಿಗಳೆಲ್ಲ ಮಣ್ಣು ಮುಚ್ಚಿ ಗುರುತೇ ಸಿಗದಂತಾಗಿದ್ದವು. ಒಂದನ್ನು ತೋಡಿ ಹೂಳು ತೆಗೆಯಲು ಇಡೀ ಊರಿಗೆ ಎರಡು ತಿಂಗಳ ಕೆಲಸ. ಇನ್ನೊಂದು ತೋಡುವ ಶಕ್ತಿ ಇರಲಿಲ್ಲ. ನೀರು ಪರೀಕ್ಷಿಸುವ ಪುಡಿ ಈ ಕಡೆಗೆ ಬಾರದೆ ಹನ್ನೊಂದು ವರ್ಷ ಕಳೆದಿತ್ತು, ದಾರಿಗಳು ಹಾಗೆ ಹಾಳಾಗಿದ್ದವು. ಊರಿನ ಹಿರಿಯಳಾಗಿದ್ದ ಕಾಶವ್ವ ಅತ್ತಿ ನಮ್ಮ ಮನೆಗೆ ಬಂದು ಹೊಸ್ತಿಲ ಮೇಲೆ ಕುಳಿತಳು. "ಹಳೇ ಮಂದಿ ಬರದಿಟ್ಟದ್ದು ನಿನಗ ಓದಾಕ ಬರ್ತೈತಿ. ಯಾವ ಬಾವಿ ತಗಸಬೇಕು ಹೇಳವ್ವ, ತಗಸ್ತೀವಿ" ಎಂದಳು. ನಾನು ಆಗ ಗಣಿತ-ವಿಜ್ಞಾನದ ಅಕ್ಕೋರು. ಐದು ವರ್ಷದ ಅನುಭವ, ಹತ್ತು ವರ್ಷದ ಗತ್ತು.

ಉಳಿಕೆಮನೆಯಲ್ಲಿ ಮೂರು ದಿನ ಕುಳಿತೆ. ವಿಜ್ಞಾನದ ಪಟ್ಟಿ ಬಿಚ್ಚಿದೆ. ಐದನೆಯ ಸಾಲಿನ ನೀರು ಒಂಬತ್ತರಲ್ಲೇ ಉತ್ತಮ, ಫ್ಲೋರೈಡು ಲೀಟರಿಗೆ ಅರ್ಧ ಮಿಲಿಗ್ರಾಮು. ಮೂರನೆಯ ಸಾಲಿನಲ್ಲಿ ಅದು ಐದು ಮಿಲಿಗ್ರಾಮಿಗೂ ಹೆಚ್ಚು, ಪಕ್ಕದಲ್ಲಿ ಕೆಂಪಕ್ಷರದಲ್ಲಿ 'ಕುಡಿಯಬಾರದು' ಎಂದು ಬರೆದಿತ್ತು. ಆಮೇಲೆ ನಕ್ಷೆ ಬಿಚ್ಚಿದೆ. ಅಲ್ಲಿಯೂ ಐದು ಇತ್ತು, ಅಚ್ಚುಕಟ್ಟಾದ ಸುತ್ತಿನೊಳಗೆ. ಐದು ಎಂದರೆ ಐದೇ ಅಲ್ಲವೇ? ಲೆಕ್ಕದವಳಾದ ನನಗೆ ಅನುಮಾನವೇ ಬರಲಿಲ್ಲ. ಉಳಿಕೆಮನೆಯ ಕಾವಲಿನವರು ಕನ್ನಡದ ಕೋಣೆಯ ಪ್ರಬಂಧಗಳೂ ಇವೆ, ಬೇಕೇ ಎಂದು ಕೇಳಿದ್ದರು. ನಾನು ನಕ್ಕೆ. "ಬಾವಿ ಚಂದ ಐತಿ ಅಂತ ಓದಿ ನಾ ಏನ್ ಮಾಡಲ್ರಿ? ಅದು ನನ್ನ ವಿಷಯ ಅಲ್ಲ" ಎಂದೆ. ಆ ಮಾತು ನನಗೆ ಅಕ್ಷರಶಃ ನೆನಪಿದೆ. ಮರೆಯಲು ಬಹಳ ಪ್ರಯತ್ನಪಟ್ಟಿದ್ದೇನೆ.

ನಕ್ಷೆಯ ಐದನೆಯ ಬಾವಿಯನ್ನು ತೋಡಿದರು. ಗುದ್ದಲಿ ಹಿಡಿದವರಲ್ಲಿ ನನ್ನ ಯಜಮಾನರೂ ಇದ್ದರು. ಮೂವತ್ತಾರು ಅಡಿಗೆ ಒರತೆ ಬಂತು. ತಿಳಿ ನೀರು, ತಣ್ಣಗಿನ ನೀರು. ಫ್ಲೋರೈಡಿಗೆ ರುಚಿಯೂ ಇಲ್ಲ, ಬಣ್ಣವೂ ಇಲ್ಲ. ಕಾಶವ್ವ ಅತ್ತಿ ಮೊದಲ ಕೊಡವನ್ನು ನನ್ನ ತಲೆಯ ಮೇಲೆ ಹೊರಿಸಿ ಮನೆಯವರೆಗೆ ಮೆರವಣಿಗೆ ಮಾಡಿದಳು. ಮುಂದಿನ ವರ್ಷ ಪಾರಿ ಹುಟ್ಟಿದಳು. ನಾನು ಕುಡಿದು ಅವಳಿಗೆ ಹಾಲು ಕೊಟ್ಟೆ, ಅದೇ ನೀರಿನಲ್ಲಿ ಗಂಜಿ ಮಾಡಿ ತಿನ್ನಿಸಿದೆ, ಜ್ವರ ಬಂದಾಗ ಚಮಚ ಚಮಚ ಅದನ್ನೇ ಕುಡಿಸಿದೆ. ಏಳು ವರ್ಷ ಇಡೀ ಊರು ಆ ನೀರನ್ನು ಕುಡಿಯಿತು.

ಪಾರಿಗೆ ನಾಲ್ಕು ತುಂಬುವ ಹೊತ್ತಿಗೆ ಕಾಲು ಬಾಗತೊಡಗಿತು. ಎಣ್ಣೆ ತಿಕ್ಕಿದೆವು, ಪಟ್ಟಿ ಕಟ್ಟಿದೆವು, ಬೇರಿನ ಕಷಾಯ ಕುಡಿಸಿದೆವು. ಕಷಾಯವನ್ನು ಕುದಿಸಿದ್ದೂ ಅದೇ ನೀರಿನಲ್ಲಿ. ಆರನೆಯ ವರ್ಷಕ್ಕೆ ಶಾಲೆಯವರೆಗೆ ನಡೆಯಲಾರದಾದಳು. ಮನೆಯಲ್ಲೇ ಓದು ಕಲಿಸತೊಡಗಿದೆ. ಓದಲು ಸುಲಭದ ಹಾಳೆಗಳು ಬೇಕಿತ್ತು. ಮಕ್ಕಳು ಬರೆದದ್ದು ಮಕ್ಕಳಿಗೆ ಹಗುರ ಎಂದು ಉಳಿಕೆಮನೆಯಿಂದ ನಿಮ್ಮ ಕನ್ನಡದ ಕೋಣೆಯ ಪ್ರಬಂಧಗಳನ್ನು ಇಳಿಸಿಕೊಂಡು ತಂದೆ. ಏಳು ವರ್ಷದ ಹಿಂದೆ ಬೇಡವೆಂದಿದ್ದ ಅದೇ ಹಾಳೆಗಳನ್ನು.

ಒಂದು ಮುಂಜಾನೆ ಪಾರಿ ಕಿಟಕಿಯ ಕಟ್ಟೆಗೆ ಒರಗಿ, ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿ ಓದುತ್ತಿದ್ದಳು. ಮಾಬೂಬಿ ಎಂಬ ಹುಡುಗಿಯ ಪ್ರಬಂಧ. ನಾನು ರೊಟ್ಟಿ ಬಡಿಯುತ್ತ ಅರೆಕಿವಿಯಲ್ಲಿ ಕೇಳುತ್ತಿದ್ದೆ. ಮಾಬೂಬಿ ಬರೆದದ್ದು ಇಷ್ಟು: "ನಮ್ಮ ತಂಡದ ನಂಬರು ಐದು. ಅದಕ್ಕೆ ಬಾಟ್ಲಿ ಮೇಲೆ ಐದು ಅಂತ ಬರೆದೆವು. ವಿಜ್ಞಾನದಲ್ಲಿ ಎಲ್ಲರೂ ತಂಡದ ನಂಬರನ್ನೇ ಬರೆದಿದ್ದಾರೆ. ನಮ್ಮದು ಕುಂಬಾರ ಬಾವಿ. ನಕ್ಷೆಯಲ್ಲಿ ಅದು ಎರಡನೆಯದು, ಗಣಿತದಲ್ಲಿ ಎಂಟನೆಯದು. ಒಂದೇ ಬಾವಿಗೆ ಯಾಕೆ ಮೂರು ನಂಬರು ಅಂತ ಅಕ್ಕೋರನ್ನು ಕೇಳಬೇಕು. ನಕ್ಷೆಯ ಐದನೆಯದು ಮೂರನೆಯ ತಂಡದವರ ಮೆಟ್ಟಿಲ ಬಾವಿ, ಅದರ ನೀರು ಕೆಟ್ಟದ್ದು ಅಂತ ಬಂದಿದೆ."

ರೊಟ್ಟಿ ಹೆಂಚಿನ ಮೇಲೆ ಸುಟ್ಟು ಕರಕಲಾಯಿತು. "ಯಾಕವ್ವಾ ರೊಟ್ಟಿ ಬಡಿಯೂದು ಬಿಟ್ಟಿ? ನಾ ತಪ್ಪು ಓದಿದ್ನೇನು?" ಎಂದು ಪಾರಿ ಕೇಳಿದಳು. ಇಲ್ಲ, ಸರಿಯಾಗಿ ಓದಿದೆ ಎಂದೆ. ಅವಳಿಗೆ ಆಗ ಆರು ವರ್ಷ, ತಾನು ಓದಿದ್ದು ಏನೆಂದು ಅವಳಿಗೆ ತಿಳಿಯಲಿಲ್ಲ. ಹಾಳೆ ಇಸಿದುಕೊಂಡೆ. ಮಾಬೂಬಿಯ ಆ ಸಾಲುಗಳ ಮೇಲೆ ಅಡ್ಡಗೆರೆ ಎಳೆದಿತ್ತು. ಪಕ್ಕದಲ್ಲಿ, ಕನ್ನಡದ ಕೋಣೆಯ ಅಕ್ಕೋರಾದ ನಿಮ್ಮ ಟಿಪ್ಪಣಿ: "ವಿಷಯಾಂತರವಾಗಿದೆ. ಎರಡು ಅಂಕ ಕಡಿತ. ಬಾವಿಯ ಸೊಬಗಿನ ಬಗ್ಗೆ ಬರೆಯಿರಿ."

ನಿಮ್ಮ ಮೇಲೆ ನನಗೆ ಬಂದ ಸಿಟ್ಟು ಹೇಳತೀರದು. ಬಹಳ ವರ್ಷ ಅದನ್ನು ಇಟ್ಟುಕೊಂಡು ಸಾಕಿದೆ. ಎಲ್ಲ ವಿಷಯ ಸೇರಿಸಿ ಪ್ರಾಜೆಕ್ಟ್ ಮಾಡೋಣ ಎಂದವರು ನೀವೇ, ಮಗು ನಿಜವಾಗಿ ಸೇರಿಸಿದಾಗ ವಿಷಯಾಂತರ ಎಂದವರೂ ನೀವೇ ಎಂದು ಮನಸ್ಸಿನಲ್ಲೇ ನಿಮ್ಮನ್ನು ನಿಲ್ಲಿಸಿ ಬೈದಿದ್ದೇನೆ. ವಯಸ್ಸಾದಂತೆ ಆ ಸಿಟ್ಟು ಎಲ್ಲಿಗೆ ಸೇರಬೇಕಿತ್ತೋ ಅಲ್ಲಿಗೆ ಸೇರಿತು. ನೀವು ಓದಿ ಗೆರೆ ಎಳೆದಿರಿ. ನಾನು ಓದಲೇ ಇಲ್ಲ.

ಅದೇ ದಿನ ಕಾಶವ್ವ ಅತ್ತಿಯ ಬಳಿಗೆ ಓಡಿದೆ. ನಾವು ಕುಡಿಯುತ್ತಿರುವುದು ಕೆಟ್ಟ ನೀರು, ಒಳ್ಳೆಯದು ನಕ್ಷೆಯ ಎರಡನೆಯ ಬಾವಿ, ಹಳೆಯ ಹಾಳೆಗಳಲ್ಲಿ ನಂಬರು ಅದಲು ಬದಲಾಗಿದೆ ಎಂದೆ. ಇಷ್ಟೇ ಹೇಳಿದ್ದು. ನಂಬರು ಅದಲು ಬದಲು ಮಾಡಿದವರು ಯಾರು ಎಂದು ನಾನು ಹೇಳಲಿಲ್ಲ, ಅವಳೇ ಹೇಳಿದಳು. "ಸಣ್ಣ ಹುಡುಗರು ಪಾಪ, ತಪ್ಪು ಬರದಾವ" ಎಂದಳು. ಅಲ್ಲ ಎನ್ನಲು ನನಗೆ ಒಂದು ಉಸಿರಿನಷ್ಟು ಸಮಯವಿತ್ತು. ಬಾಯಿ ಬರಲಿಲ್ಲ. ಸಂಜೆಯ ಹೊತ್ತಿಗೆ ಅದು ಊರ ಮಾತಾಗಿತ್ತು, ವರ್ಷ ತುಂಬುವಷ್ಟರಲ್ಲಿ ಗಾದೆಯಂತಾಯಿತು. ಕುಂಬಾರ ಬಾವಿ ತೋಡಿದರು. ಅದರ ನೀರನ್ನೇ ಇವತ್ತಿಗೂ ಕುಡಿಯುತ್ತಿದ್ದೇವೆ, ನಿಮ್ಮ ಮಕ್ಕಳು ಹೇಳಿದ್ದಂತೆಯೇ ಅದು ಒಳ್ಳೆಯ ನೀರು.

ಆ ವರ್ಷವೇ ನಾನು ಕೌದಿಪಾಠ ಶುರು ಮಾಡಿದೆ. ಹಳೆಯ ಸೀರೆ, ಧೋತರದ ತುಂಡುಗಳನ್ನು ಸೇರಿಸಿ ಹೊಲಿಯುವ ಕೌದಿ ನಿಮಗೆ ಗೊತ್ತೇ ಇದೆ. ನಮ್ಮ ಪಾಠ ಅದೇ ರೀತಿಯದು. ಸುತ್ತಲಿನ ಏಳು ಹಟ್ಟಿಯ ಮಕ್ಕಳು ಕೂಡುತೆರೆಯ ಮುಂದೆ, ಅಂದರೆ ಒಬ್ಬರು ಬರೆದದ್ದು ಎಲ್ಲರಿಗೂ ಕಾಣುವ ದೊಡ್ಡ ಪರದೆಯ ಮುಂದೆ, ತಮ್ಮ ತಮ್ಮ ಊರಲ್ಲೇ ಕೂರುತ್ತಾರೆ. ವಿಷಯಕ್ಕೊಂದು ಕೋಣೆ ಇಲ್ಲ. ಕೆಲಸ ಒಂದಿದ್ದರೆ ಕೋಣೆ ಒಂದೇ. ಯಾವ ಪ್ರಾಜೆಕ್ಟೇ ಆಗಲಿ, ಅದರ ಮೊದಲ ಸಾಲು ಹೆಸರುಸಾಲು: ಈ ವಸ್ತುವಿಗೆ ಲೆಕ್ಕದಲ್ಲಿ ಏನೆನ್ನುತ್ತೇವೆ, ನಕ್ಷೆಯಲ್ಲಿ ಏನು, ಮನೆಯಲ್ಲಿ ಅಜ್ಜಿ ಏನೆನ್ನುತ್ತಾಳೆ, ಎಲ್ಲವನ್ನೂ ಒಂದೇ ಸಾಲಿನಲ್ಲಿ ಬರೆಯಬೇಕು. ಅದಿಲ್ಲದಿದ್ದರೆ ಮುಂದಿನದನ್ನು ನಾವು ಓದುವುದೇ ಇಲ್ಲ. ಆಮೇಲೆ ಆ ಊರನ್ನು ಕಂಡಿರದ ಬೇರೆ ಹಟ್ಟಿಯ ಮಗು ಅದನ್ನು ಓದಿ, ಅನುಮಾನ ಬಂದಲ್ಲೆಲ್ಲ "ಅದು ಅಂದ್ರ ಇದ ಏನು?" ಎಂದು ಕೇಳಬೇಕು. ಒಂದು ಸಲವೂ ಕೇಳದ ಮಗುವನ್ನು ಪಕ್ಕಕ್ಕೆ ಕರೆದು ನಿಜವಾಗಿ ಓದಿದೆಯಾ ಎಂದು ವಿಚಾರಿಸುತ್ತೇವೆ. ತುಂಬ ಚೆನ್ನಾಗಿ ಮಾಡಿದ ಕೆಲಸದ ಮೇಲೆ ನಾನು ಬರೆಯುವ ಮೆಚ್ಚುಗೆಯ ಮಾತು 'ವಿಷಯಾಂತರವಾಗಿದೆ'. ಅದು ಸಿಕ್ಕಿದ ದಿನ ಮಕ್ಕಳು ಮನೆಯವರೆಗೂ ಕುಣಿಯುತ್ತ ಹೋಗುತ್ತಾರೆ. ಆ ಮಾತು ನನಗೆ ಎಲ್ಲಿಂದ ಸಿಕ್ಕಿತು ಎಂದು ಈವರೆಗೂ ಯಾರೂ ಕೇಳಿಲ್ಲ.

ಈಗ ನಲವತ್ತು ಶಾಲೆಗಳಲ್ಲಿ ಕೌದಿಪಾಠ ನಡೆಯುತ್ತದೆ. ವರ್ಷವನ್ನೇ ಅದರಿಂದ ಎಣಿಸುತ್ತಾರೆ ಎಂಬುದನ್ನು ಮೇಲಿನ ತಾರೀಖಿನಲ್ಲಿ ನೋಡಿದಿರಿ. ಪ್ರತಿ ವರ್ಷ ಹೊಸ ಮಕ್ಕಳಿಗೆ ಅದರ ಹುಟ್ಟಿನ ಕಥೆ ಹೇಳುತ್ತಾರೆ. ಹಿಂದಿನ ಕಾಲದ ಮಕ್ಕಳು ಬೇರೆ ಬೇರೆ ಕೋಣೆಯಲ್ಲಿ ಕಲಿಯುತ್ತಿದ್ದರು, ಅದಕ್ಕೆ ತಪ್ಪು ಬರೆದರು, ಹುಲಿಗೆವ್ವ ಅಕ್ಕೋರು ಆ ತಪ್ಪನ್ನು ಹಿಡಿದು ಊರನ್ನು ಉಳಿಸಿದರು ಎಂದು. ಆ ಕಥೆಗೆ ನಾನು ಇಪ್ಪತ್ತೊಂದು ಸಲ ತಲೆತಗ್ಗಿಸಿ ಕುಳಿತಿದ್ದೇನೆ. ವಿನಯ ಎಂದು ಜನ ತಿಳಿದಿದ್ದಾರೆ. ನನ್ನ ಯಜಮಾನರು ಹೋದ ವರ್ಷ ತೀರಿಕೊಂಡರು. ತಾವು ತೋಡಿದ ಬಾವಿಯ ತಪ್ಪು ಆ ಮಕ್ಕಳದಲ್ಲ, ಪಕ್ಕದಲ್ಲೇ ಮಲಗಿದವಳದು ಎಂದು ತಿಳಿಯದೆಯೇ ಹೋದರು.

ಅಕ್ಕೋರೇ, ಈ ಓಲೆ ಹೇಗೋ ನಿಮ್ಮ ಕೈ ಸೇರಿತು ಎಂದೇ ಇಟ್ಟುಕೊಳ್ಳೋಣ. ನನ್ನದೊಂದು ಬೇಡಿಕೆ ಇದೆ. ನಾಲ್ಕು ಕೋಣೆಗೆ ಅಂಕ ತುಂಬಿ ಮುಚ್ಚುವ ಮುಂಚೆ ಒಬ್ಬರೇ ಒಬ್ಬರು ನಾಲ್ಕನ್ನೂ ಒಟ್ಟಿಗೆ ಓದಲಿ. ನೀವೇ ಓದಬೇಕೆಂದಿಲ್ಲ, ನಿಮಗೆ ಜನಗಣತಿ, ಚುನಾವಣೆ, ಬಿಸಿಯೂಟ ಎಂದು ಸಾವಿರ ಕೆಲಸ. ಯಾವುದಾದರೂ ಮಗುವಿಗೆ ಹೇಳಿ. ಒಂದೇ ವಸ್ತುವಿಗೆ ಯಾಕೆ ಮೂರು ನಂಬರು ಎಂದು ಕೇಳುವ ಮಗು ಪ್ರತಿ ತರಗತಿಯಲ್ಲೂ ಒಂದಿರುತ್ತದೆ, ಆ ಮಗುವಿಗೇ ಹೇಳಿ. ಮಾಬೂಬಿ ಆಮೇಲೆ ನಿಮ್ಮನ್ನು ಆ ಪ್ರಶ್ನೆ ಕೇಳಿದಳೇ, ಇಲ್ಲ ಎರಡು ಅಂಕ ಹೋದದ್ದಕ್ಕೆ ಸುಮ್ಮನಾದಳೇ ಎಂದು ತಿಳಿಯುವ ಆಸೆ ನನಗೆ ಬಹಳ ಇದೆ. ಅವಳು ತಿದ್ದಿ ಬರೆದ ಎರಡನೆಯ ಪ್ರಬಂಧವೂ ಉಳಿದಿದೆ. ಅದರಲ್ಲಿ ಬಾವಿಯ ಸೊಬಗು ತುಂಬಿ ತುಳುಕುತ್ತದೆ, ನಂಬರಿನ ಮಾತೇ ಇಲ್ಲ. ಅವಳು ಮೊದಲಿನದನ್ನು ಅಳಿಸಿ ಹಾಕದೆ ಬಿಟ್ಟದ್ದಕ್ಕೆ ನಾವು ಬದುಕಿದ್ದೇವೆ.

ಹಿಂದೋಲೆಯ ಬಗ್ಗೆ ಒಂದು ಮಾತು ಉಳಿಯಿತು. ಬರೆದವರು ಅದನ್ನು ಓದುವಂತಿಲ್ಲ. ಮಡಚಿ, ಅಂಟು ಹಾಕಿ, ಮನೆಯವರ ಕೈಗೆ ಕೊಡಬೇಕು. ಅವರು ಇಡೀ ಊರಿನ ಎದುರು ನಿಂತು ಮೊದಲ ಸಲ ಬಿಚ್ಚಿ, ಕೊನೆಯವರೆಗೂ ಗಟ್ಟಿಯಾಗಿ ಓದಬೇಕು. ನನ್ನ ಮನೆಯಲ್ಲಿ ಈಗ ಇರುವುದು ಒಬ್ಬಳೇ.

ಪಾರಿ, ಈ ಕಾಗದವನ್ನು ಓದುತ್ತ ನೀನು ಎಲ್ಲಿ ನಿಂತುಬಿಟ್ಟೆ ಎಂದು ನನಗೆ ಗೊತ್ತಿಲ್ಲ. ನಿನ್ನ ಕಾಲಿನ ಮಾತು ಬಂದಲ್ಲಿ ನಿಂತಿರಬಹುದು, ಉಳಿಕೆಮನೆಯಲ್ಲಿ ನಾನು ನಕ್ಕ ಮಾತು ಬಂದಲ್ಲಿ ನಿಂತಿರಬಹುದು. ಯಾರೋ ಮುಂದಕ್ಕೆ ಓದವ್ವ ಎಂದಿರುತ್ತಾರೆ, ನೀನು ಓದಿದ್ದೀಯ. ನಾನು ಎದುರಿಗೇ ಕುಳಿತಿದ್ದೇನೆ. ಮನೆಯಲ್ಲಿ, ಇಬ್ಬರೇ ಇರುವಾಗ ಹೇಳಬಹುದಿತ್ತು. ಇಪ್ಪತ್ತೆರಡು ವರ್ಷ ಪ್ರತಿದಿನವೂ ಹೇಳಬಹುದಿತ್ತು. ಹೇಳಿದ್ದರೆ ನೀನು ಮನ್ನಿಸಿಬಿಡುತ್ತಿದ್ದೆ, ನಾನು ಅಷ್ಟಕ್ಕೇ ತೃಪ್ತಳಾಗಿ ಊರಿನ ಮುಂದೆ ಸುಮ್ಮನಿರುತ್ತಿದ್ದೆ. ನನ್ನ ಬುದ್ಧಿ ನನಗೆ ಗೊತ್ತು. ಅದಕ್ಕೇ ಹೀಗೆ ಮಾಡಿದೆ. ಇದೂ ನಿನಗೆ ಮಾಡಿದ ಅನ್ಯಾಯವೇ. ಈ ಮಂದಿಯ ನಡುವೆ ನಿನ್ನಿಂದ ಕ್ಷಮೆ ಕೇಳಿ ನಿನ್ನನ್ನು ಇಕ್ಕಟ್ಟಿಗೆ ಸಿಕ್ಕಿಸುವುದಿಲ್ಲ. ಓದಿ ಮುಗಿಸಿದ ಮೇಲೆ ನೀನು ನನ್ನ ಕಡೆಗೆ ನೋಡಬೇಕೆಂದೂ ಇಲ್ಲ.

ಕೆಳಗೆ ಮೂವತ್ತೊಂದು ಹೆಸರು ಬರೆದಿದ್ದೇನೆ. ಅವರೆಲ್ಲ ಹದಿಮೂರು ವರ್ಷದ ಮಕ್ಕಳು. ಬಾವಿಗೆ ಹಗ್ಗ ಬಿಟ್ಟು ಆಳ ಅಳೆದವರು, ಬಾಟ್ಲಿಯಲ್ಲಿ ನೀರು ತುಂಬಿ ಪೇಟೆಗೆ ಕಳಿಸಿದವರು. ಅವರು ಬರೆದ ಒಂದು ಸಂಖ್ಯೆಯೂ ತಪ್ಪಿರಲಿಲ್ಲ. ತಪ್ಪಿದ್ದು ನಿನ್ನ ಅವ್ವ. ಈಗ ಅವರ ಹೆಸರು ಓದು ಮಗಳೇ, ಎಲ್ಲರಿಗೂ ಕೇಳುವ ಹಾಗೆ, ಒಂದೊಂದಾಗಿ.